ಬೇರೆ ತಟ್ಟೆ

ಔಲಿಸ್ ಬೂಟು ಬಿಚ್ಚದೆ ಅಡುಗೆಮನೆಗೆ ಬಂದು ಕುಳಿತಾಗಲೇ ಏನೋ ಆಗಿದೆ ಎಂದು ಹಿಲ್ಕಾಳಿಗೆ ಗೊತ್ತಾಯಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಬೂಟುಗಾಲಲ್ಲಿ ಒಳಗೆ ಬಂದದ್ದು ಅದೇ ಮೊದಲು. ಬೆಳಿಗ್ಗೆ ಹೋಗಿದ್ದು ಆರೋಗ್ಯ ಕೇಂದ್ರಕ್ಕೆ. ಮರದ ದಿಮ್ಮಿ ಸಾಗಿಸುವ ದೊಡ್ಡ ಲಾರಿ ಓಡಿಸುವವರಿಗೆ ಲೈಸೆನ್ಸ್ ಮುಂದುವರಿಯಬೇಕಾದರೆ ವೈದ್ಯರ ಸಹಿ ಬೇಕು. ಪ್ರತಿ ಸಲವೂ ಅದು ಅರ್ಧ ಗಂಟೆಯ ಕೆಲಸ. ಈ ಸಲ ಮಧ್ಯಾಹ್ನವಾಗಿತ್ತು.

"ಸಕ್ಕರೆಯಂತೆ," ಅಂದ.

ಕಾಫಿಗೆ ಕೇಳುತ್ತಿದ್ದಾನೆ ಎಂದುಕೊಂಡು ಹಿಲ್ಕಾ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು.

"ಅದಲ್ಲ ಕಣೇ. ರಕ್ತದಲ್ಲಿ. ಸಕ್ಕರೆ ಕಾಯಿಲೆ. ಹಳೇ ಲೈಸೆನ್ಸು ವರ್ಷದ ಕೊನೆ ತನಕ ಇದೆ, ಅಷ್ಟರಲ್ಲಿ ಇಳಿದ್ರೆ ಸಹಿ ಹಾಕ್ತಾರಂತೆ."

ಮೇಜಿನ ನಡುವೆ ಆಗತಾನೇ ಓವನ್ನಿನಿಂದ ತೆಗೆದ ಏಲಕ್ಕಿ ಬನ್ನುಗಳ ತಟ್ಟೆ ಇತ್ತು. ಹಿಲ್ಕಾ ಆ ತಟ್ಟೆಯನ್ನು ಎತ್ತಿ ಕಪಾಟಿನ ಮೇಲಿಟ್ಟಳು. ಔಲಿಸ್‌ನ ಕಣ್ಣು ತಟ್ಟೆಯ ಹಿಂದೆಯೇ ಹೋಗಿ ಮತ್ತೆ ಮೇಜಿಗೆ ಬಂತು.

ನುರ್ಮೆಸ್ ಊರಿನಲ್ಲಿ ನಲವತ್ತು ದಾಟದವರೆಲ್ಲ ಹಿಲ್ಕಾಳ ಕೈಯಡುಗೆ ಉಂಡವರೇ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು, ಎರಡು ವರ್ಷದ ಹಿಂದೆ ನಿವೃತ್ತಳಾಗಿದ್ದಳು. ಅಂಗಡಿಯ ಸಾಲಿನಲ್ಲಿ ನಿಂತರೆ ಗಡ್ಡ ಬಿಟ್ಟ ಗಂಡಸರು ಬಂದು, ನಿಮ್ಮ ಮೀನಿನ ಸೂಪಿನ ರುಚಿ ಇನ್ನೂ ನಾಲಿಗೆಯಲ್ಲಿದೆ ಎನ್ನುತ್ತಿದ್ದರು. ಯಾರಾದರೂ ಹಸಿದಿದ್ದಾರೆ ಎಂದರೆ ಅವಳಿಗೆ ಕೂರಲಾಗುತ್ತಿರಲಿಲ್ಲ. ಅಂಥವಳು ಆ ವಾರವೇ ಜಾಮ್ ಬಾಟಲಿಗಳನ್ನೆಲ್ಲ ಪಕ್ಕದ ಮನೆಯ ತೆರ್ತುವಿಗೆ ಕೊಟ್ಟುಬಿಟ್ಟಳು. ಬನ್ನು ಬೇಯಿಸುವುದನ್ನು ನಿಲ್ಲಿಸಿದಳು. ಶನಿವಾರ ಏಲಕ್ಕಿ ಕುಟ್ಟುವ ಸದ್ದಿಲ್ಲದ ಮನೆ ಬೇರೆ ಯಾರದೋ ಮನೆಯಂತಿತ್ತು.

ಔಲಿಸ್‌ನ ಊಟದ ಡಬ್ಬಿಯಲ್ಲಿ ಮೊದಲು ನಾಲ್ಕು ಸ್ಯಾಂಡ್‌ವಿಚ್ಚು, ಎರಡು ಬನ್ನು ಇರುತ್ತಿದ್ದವು. ಈಗ ಹಸಿ ಕೋಸು, ಸೌತೆಕಾಯಿ, ಒಂದು ಬೇಯಿಸಿದ ಮೊಟ್ಟೆ. ರಾತ್ರಿ ಊಟಕ್ಕೂ ಅವನ ತಟ್ಟೆ ಬೇರೆ. ಅವನ ಎದುರು ಕುಳಿತು ಬೆಣ್ಣೆ ಹಾಕಿದ ಆಲೂಗಡ್ಡೆ ತಿನ್ನಲು ಅವಳಿಗೆ ಸಂಕಟ. ಹಾಗಾಗಿ ಅವನು ಉಂಡು ಎದ್ದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ತನ್ನದನ್ನು ಮುಗಿಸುತ್ತಿದ್ದಳು. ಫ್ರೀಜರಿನಲ್ಲಿ ಉಳಿದಿದ್ದ ಬನ್ನುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಮಧ್ಯಾಹ್ನ ಒಬ್ಬಳೇ ಇದ್ದಾಗ ಒಂದೋ ಎರಡೋ ಬಿಸಿ ಮಾಡಿಕೊಂಡು ಕಾಫಿಯ ಜೊತೆ ತಿನ್ನುತ್ತಿದ್ದಳು.

ಮೂರನೆಯ ವಾರ ತೆರ್ತು ಬೇಲಿಯಾಚೆಯಿಂದ ಕರೆದಳು. ಊರಿನ ಸುದ್ದಿ ತೆರ್ತುವಿನ ಮನೆ ದಾಟದೆ ಎಲ್ಲಿಗೂ ಹೋಗುತ್ತಿರಲಿಲ್ಲ.

"ನಿನ್ನ ಗಂಡನ್ನ ಪೆಟ್ರೋಲ್ ಬಂಕಿನ ಕೆಫೆಲಿ ನೋಡ್ದೆ ಕಣೇ."

"ಕಾಫಿಗೆ ನಿಂತಿರ್ತಾನೆ."

"ಕಾಫಿನೂ ಇತ್ತು. ಡೋನಟ್ಟೂ ಇತ್ತು. ಒಂದಲ್ಲ."

ಅಂದು ಸಂಜೆ ಔಲಿಸ್ ಬಂದು ಕೈ ತೊಳೆದು ಮೇಜಿಗೆ ಕುಳಿತ. ಹಿಲ್ಕಾ ಅವನ ಮುಖ ನೋಡಿದಳು.

"ಮೀಸೆ ಒರೆಸ್ಕೊ."

"ಯಾಕೆ?"

"ಇನ್ನೂ ಸೆಪ್ಟೆಂಬರು. ಹಿಮ ಬೀಳೋಕೆ ಟೈಮಿದೆ."

ಅವನು ಬೆರಳಿನಿಂದ ಮೀಸೆ ಸವರಿ ಬಿಳಿ ಪುಡಿಯನ್ನು ನೋಡಿಕೊಂಡ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗಾಡಿ ಹತ್ತೋನು ನಾನು," ಅಂದ. "ಹತ್ತು ಗಂಟೆಗೆ ಡಬ್ಬಿ ತೆಗೆದ್ರೆ ಮೊಲದ ಊಟ. ಏನ್ಮಾಡ್ಲಿ ಹೇಳು."

"ಕಾಲು ಕತ್ತರಿಸ್ಕೊಂಡು ಮನೇಲಿ ಕೂತ್ಕೊಬೇಕು ಅಂತಿದ್ರೆ ಇನ್ನೂ ಎರಡು ತಿನ್ನು."

"ನನಗೆ ಹೆಂಡ್ತಿ ಬೇಕು. ಜೈಲರು ಬೇಡ."

"ಜೈಲರಂತೆ! ನಿನ್ನ ಒಳ್ಳೇದಕ್ಕೆ..."

"ಮೂವತ್ತೈದು ವರ್ಷ ಇದನ್ನೆಲ್ಲ ತಿನ್ನಿಸಿದ್ದು ಯಾರು? ನಾನೇ ಬೇಯಿಸ್ಕೊಂಡು ತಿಂದ್ನಾ?"

ಅಂದ ಮೇಲೆ ಅವನಿಗೇ ಅದು ಜಾಸ್ತಿಯಾಯಿತು ಅನ್ನಿಸಿರಬೇಕು. ಎದ್ದು ಗ್ಯಾರೇಜಿಗೆ ಹೋದ. ಹಿಲ್ಕಾ ಮೇಜು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಆರೋಗ್ಯ ಕೇಂದ್ರದಿಂದ ಬಂದ ದಿನದಿಂದ ಯಾರಾದರೂ ಈ ಮಾತು ಅಂದೇ ಅನ್ನುತ್ತಾರೆ ಎಂದು ಅವಳು ಕಾಯುತ್ತಿದ್ದಳು. ಔಲಿಸ್ ಅನ್ನುತ್ತಾನೆ ಎಂದು ಮಾತ್ರ ಎಣಿಸಿರಲಿಲ್ಲ.

ಮುಂದಿನ ವಾರ ಇಬ್ಬರನ್ನೂ ಮಧುಮೇಹ ನೋಡಿಕೊಳ್ಳುವ ನರ್ಸ್ ಕರೆಸಿದಳು. ಸತು ಅಂತ ಹೆಸರು, ಮೂವತ್ತೈದರ ಆಸುಪಾಸು. ಅವಳೂ ಹಿಲ್ಕಾಳ ಶಾಲೆಯಲ್ಲೇ ಉಂಡು ಬೆಳೆದವಳು. ಏನೇನು ಉಣ್ಣುತ್ತೀರಿ ಎಂದು ಕೇಳಿದಾಗ ಹಿಲ್ಕಾ ಕೋಸು, ಮೊಟ್ಟೆ, ಸೌತೆಕಾಯಿ ಎಂದು ಒಪ್ಪಿಸಿದಳು.

"ಅಷ್ಟೇನಾ?" ಅಂದಳು ಸತು. "ಹಿಲ್ಕಾ ಮೇಡಂ, ಹಂಗಿದ್ರೆ ಯಾರೂ ಬದುಕಲ್ಲ. ತಟ್ಟೆಲಿ ಅರ್ಧ ತರಕಾರಿ ಇರ್ಲಿ. ಕಾಲುಭಾಗ ಆಲೂಗಡ್ಡೆ, ಕಾಲುಭಾಗ ಮೀನೋ ಮಾಂಸನೋ. ರೈ ಬ್ರೆಡ್ ಬಿಡ್ಬೇಡಿ, ಅದು ಒಳ್ಳೇದು. ಪೂರ್ತಿ ಬಿಡಿಸಿದ್ರೆ ಮನುಷ್ಯ ಇನ್ನೆಲ್ಲಾದ್ರೂ ಹೋಗಿ ತಿಂದೇ ತಿಂತಾನೆ."

ಔಲಿಸ್ ಕೆಮ್ಮಿದ.

"ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಊಟ ಆದ ಮೇಲೆ ಇಪ್ಪತ್ತು ನಿಮಿಷ ನಡೀರಿ. ಓಡೋದು ಬೇಡ, ಮಾತಾಡ್ತಾ ನಡೆಯೋ ಅಷ್ಟು ಸಾಕು. ಈ ಸಕ್ಕರೆ ಮೀಟರ್ ತಗೊಂಡು ಹೋಗಿ, ಬೆರಳು ಚುಚ್ಚಿ ನಿಮ್ಮ ಕಣ್ಣಲ್ಲೇ ನೋಡಿ. ಉಂಡ ಮೇಲೆ ಹತ್ತರೊಳಗೆ ಇರ್ಬೇಕು."

ಸತು ಯಾರನ್ನೂ ದೂರಲಿಲ್ಲ. ಆದರೂ ಇಡೀ ಹೊತ್ತು ಅವಳ ಕಣ್ಣು ತನ್ನ ಮೇಲೇ ಇದ್ದಂತೆ ಹಿಲ್ಕಾಳಿಗೆ ಅನ್ನಿಸಿತು.

ಮೀಟರು ಮಾತ್ರ ಔಲಿಸ್‌ನನ್ನು ಹಿಡಿದುಬಿಟ್ಟಿತು. ಡೀಸೆಲ್ಲು, ಟೈರಿನ ಗಾಳಿ, ದಿಮ್ಮಿಯ ತೂಕ ಎಲ್ಲವನ್ನೂ ಅಳೆದು ಅಭ್ಯಾಸವಿದ್ದ ಮನುಷ್ಯ. ಒಂದು ಸಂಜೆ ಉಂಡು ಸೋಫಾದಲ್ಲಿ ಕುಳಿತ, ಹನ್ನೆರಡು ಪಾಯಿಂಟ್ ಎಂಟು ಬಂತು. ಮರುದಿನ ಅದೇ ಊಟ ಉಂಡು, ಗ್ಯಾರೇಜಿನಲ್ಲಿ ಧೂಳು ಹಿಡಿದಿದ್ದ, ಎರಡೂ ಕೈಯಲ್ಲಿ ಹಿಡಿದು ಊರುವ ನಡಿಗೆ ಕೋಲುಗಳನ್ನು ತೆಗೆದುಕೊಂಡು ಸರೋವರದ ದೋಣಿ ಕಟ್ಟೆಯ ತನಕ ಹೋಗಿ ಬಂದ. ಎಂಟು ಪಾಯಿಂಟ್ ಒಂಬತ್ತು.

"ಹಿಲ್ಕಾ! ನೋಡಿಲ್ಲಿ! ಅದೇ ಆಲೂಗಡ್ಡೆ, ಅದೇ ಮೀನು. ಕಾಲಿಗೆ ಕೆಲಸ ಕೊಟ್ಟಿದ್ದಕ್ಕೇ ನಾಲ್ಕು ಇಳೀತು!"

"ಒಳ್ಳೇದಾಯ್ತು."

"ನಾಳೆ ನೀನೂ ಬಾರೇ."

"ಕಾಯಿಲೆ ಇರೋರು ನಡೀಲಿ. ನನಗೆ ಪಾತ್ರೆ ಇದೆ."

ಅಕ್ಟೋಬರಿನ ಒಂದು ಗುರುವಾರ. ಊರಿನ ಎಲ್ಲ ಮನೆಗಳಂತೆ ಅವರಲ್ಲೂ ಗುರುವಾರ ಬಟಾಣಿ ಸೂಪು. ಔಲಿಸ್ ಅದನ್ನು ಉಂಡು ಕೋಲು ಹಿಡಿದು ಹೊರಟ. ಅವನು ಹೋದ ಮೇಲೆ ಹಿಲ್ಕಾ ತನಗೆಂದು ಮಾಡಿ ಮುಚ್ಚಿಟ್ಟಿದ್ದ ಪ್ಯಾನ್‌ಕೇಕನ್ನು ಅಂಗಡಿಯಿಂದ ತಂದ ಕಾಡುಹಣ್ಣಿನ ಜಾಮಿನ ಜೊತೆ ತಿಂದಳು. ಮೀಟರು ಮೇಜಿನ ಮೇಲೇ ಇತ್ತು. ಅದು ಸರಿಯಾಗಿ ತೋರಿಸುತ್ತದೋ ಇಲ್ಲವೋ ಎಂಬ ಅನುಮಾನ ಅವಳಿಗೆ ಮೊದಲಿನಿಂದಲೂ ಇತ್ತು. ಎಡಗೈಯ ಉಂಗುರ ಬೆರಳನ್ನು ಚುಚ್ಚಿಕೊಂಡಳು.

ಹದಿನಾಲ್ಕು ಪಾಯಿಂಟ್ ಒಂದು.

ಬೆರಳಿಗೆ ಜಾಮ್ ಅಂಟಿರಬೇಕು. ಸೋಪು ಹಾಕಿ ಕೈ ತೊಳೆದು, ಒರೆಸಿ, ಇನ್ನೊಂದು ಬೆರಳು ಚುಚ್ಚಿದಳು. ಹದಿಮೂರು ಪಾಯಿಂಟ್ ಎಂಟು.

ಹಿಲ್ಕಾ ಕುರ್ಚಿಯಲ್ಲಿ ಕುಳಿತಳು. ಅವಳು ತೆಳ್ಳಗಿನ ಹೆಂಗಸು. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವಳು. ಬೇಸಿಗೆಯಿಂದ ಬಾಯಾರಿಕೆ ಹೆಚ್ಚಾಗಿದ್ದು, ಮಧ್ಯಾಹ್ನ ಕಣ್ಣು ಎಳೆಯುತ್ತಿದ್ದದ್ದು ಎಲ್ಲ ವಯಸ್ಸಿನದು ಎಂದುಕೊಂಡಿದ್ದಳು. ಈಗ ಒಂದೊಂದಾಗಿ ನೆನಪಿಗೆ ಬಂತು. ಅದರ ಹಿಂದೆಯೇ ಅಮ್ಮನೂ ಬಂದಳು.

ಅಮ್ಮನಿಗೆ ಇದೇ ಕಾಯಿಲೆ ಇದೆಯೆಂದು ಗೊತ್ತಾದಾಗ ಹಿಲ್ಕಾ ಹದಿನಾರರವಳು. ಕಪಾಟಿನ ಬಾಗಿಲಿಗೆ ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆ ಅಂಟಿಸಿದ್ದರು. ಅಮ್ಮನಿಗೆ ಬೇರೆ ಪಾತ್ರೆ, ಬೇರೆ ಅಡುಗೆ. ನೆಂಟರು ಕಾಫಿಗೆ ಬಂದರೆ ಅಮ್ಮ ಎಲ್ಲರಿಗೂ ಬಡಿಸಿ, ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಬರಿಯ ಕಾಫಿ ಹಿಡಿದು ಕೂರುತ್ತಿದ್ದಳು. ಒಬ್ಬರೂ ಇತ್ತ ಬಾ ಅನ್ನುತ್ತಿರಲಿಲ್ಲ. ಕರೆದರೆ ಅವಳಿಗೆ ಕಷ್ಟವಾದೀತು ಎಂದು ಎಲ್ಲರೂ ತಿಳಿದಿದ್ದರು. ಹತ್ತು ವರ್ಷ ಅವಳು ಹಾಗೇ ಉಂಡಳು. ಕೊನೆಗೆ ಒಂದು ಕಾಲು ಹೋಯಿತು. ನನ್ನ ಅಡುಗೆಮನೆಯಲ್ಲಿ ಯಾರೂ ಹೀಗೆ ಪಕ್ಕದಲ್ಲಿ ಕೂರಬಾರದು ಎಂದು ಹಿಲ್ಕಾ ಅಂದೇ ನಿಶ್ಚಯಿಸಿದ್ದಳು. ಆಮೇಲೆ ಇಡೀ ಊರಿಗೆ ಉಣಿಸಿದಳು.

ಆ ಸಂಜೆ ಮೊದಲ ಬಾರಿಗೆ ಅವಳಿಗೆ ಹೊಳೆಯಿತು: ಎರಡು ತಿಂಗಳಿಂದ ಔಲಿಸ್‌ನನ್ನು ಆ ಸ್ಟೂಲಿನ ಮೇಲೆ ಕೂರಿಸಿದ್ದವಳು ತಾನೇ.

ಬಾಗಿಲ ಸದ್ದಾಯಿತು. ಹಿಲ್ಕಾ ರಕ್ತ ಹನಿಸಿದ ಮೀಟರಿನ ಪಟ್ಟಿಗಳನ್ನು ಕಸದ ತಳಕ್ಕೆ ತುರುಕಿ ಮೀಟರನ್ನು ಇದ್ದಲ್ಲೇ ಇಟ್ಟಳು. ಹೇಳಲು ನಾಚಿಕೆಯಾಯಿತು. ಗಂಡನ ತುತ್ತು ಲೆಕ್ಕ ಹಾಕಿದವಳ ರಕ್ತದಲ್ಲಿ ಗಂಡನಿಗಿಂತ ಹೆಚ್ಚು ಸಕ್ಕರೆ! ತೆರ್ತುವಿಗೆ ಗೊತ್ತಾದರೆ ಬೇಲಿಯೇ ನಕ್ಕೀತು.

ಅವಳಿಗೆ ತಿಳಿಯದಿದ್ದ ಸಂಗತಿ ಒಂದಿತ್ತು. ತೋರಿಸಿದ ಸಂಖ್ಯೆಯನ್ನೆಲ್ಲ ಆ ಮೀಟರು ಗಂಟೆ ನಿಮಿಷದ ಸಮೇತ ನೆನಪಿಟ್ಟುಕೊಳ್ಳುತ್ತಿತ್ತು.

ನಂತರದ ದಿನಗಳಲ್ಲಿ ಔಲಿಸ್ ವಿಚಿತ್ರವಾಗಿ ಆಡತೊಡಗಿದ. ರಜೆಯ ದಿನ ಸರೋವರದಿಂದ ಸಣ್ಣ ಮೀನು ಹಿಡಿದು ತಾನೇ ಹೊಟ್ಟೆ ಸೀಳಿ ತೊಳೆದ. ಟರ್ನಿಪ್ ಗೆಡ್ಡೆ ಸುಲಿಯಲು ಕುಳಿತು ಅರ್ಧ ಗೆಡ್ಡೆಯನ್ನು ಸಿಪ್ಪೆಯ ಜೊತೆಗೇ ಕಳೆದ. ಎರಡು ತಟ್ಟೆಗೂ ಒಂದೇ ಸಮ ಬಡಿಸಿ, "ನಿಂತ್ಕೊಂಡು ತಿಂದ್ರೆ ನನಗೆ ಅವಸರ ಮಾಡ್ದಂಗಾಗತ್ತೆ, ಕೂತ್ಕೊ," ಅಂದ. ಹಿಲ್ಕಾ ಕುಳಿತಳು. ಪ್ರತಿ ಸಂಜೆ ಕೋಲು ಹಿಡಿದು ಬಾಗಿಲಲ್ಲಿ ನಿಂತು ಏನಾದರೊಂದು ನೆಪ ತೆಗೆಯುತ್ತಿದ್ದ. ದಾರಿದೀಪ ಹೊಸದು ಹಾಕಿದ್ದಾರೆ. ಯಾರೋ ದೋಣಿ ಮಗುಚಿಟ್ಟಿದ್ದಾರೆ. ಅವಳು ಪಾತ್ರೆ ಇದೆ ಅನ್ನುತ್ತಿದ್ದಳು.

ನವೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಅವನು ಬಂದು ಹೇಳಿದ, "ಹಂಸಗಳು ದಕ್ಷಿಣಕ್ಕೆ ಹೊರಡ್ತಾ ಇವೆ. ಇನ್ನೊಂದೆರಡು ದಿನ ಅಷ್ಟೇ. ಬಾ, ನೋಡ್ಕೊಂಡು ಬರೋಣ."

ಅಂದು ಯಾಕೋ ಅವಳು ಕೋಟು ಹಾಕಿಕೊಂಡಳು. ದಡದ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಹಿಲ್ಕಾಳಿಗೆ ಕೋಲು ಹಿಡಿಯುವ ಲಯ ಸಿಗಲಿಲ್ಲ. ಬಲಗಾಲಿಗೆ ಬಲಗೋಲು ಬರುತ್ತಿತ್ತು. ಔಲಿಸ್ ತನ್ನ ಹೆಜ್ಜೆ ಚಿಕ್ಕದು ಮಾಡಿದ. ದೋಣಿ ಕಟ್ಟೆ ತಲುಪುವಷ್ಟರಲ್ಲಿ ಅವಳಿಗೆ ಏದುಸಿರು. ದೂರದ ನೀರಿನಲ್ಲಿ ಹಂಸಗಳು ಬಿಳಿ ಚುಕ್ಕೆಗಳಂತೆ ಗುಂಪುಗೂಡಿದ್ದವು.

"ಔಲಿಸ್, ನಿನಗೊಂದು ಮಾತು ಹೇಳ್ಬೇಕು."

"ಹೇಳು."

"ನಿನ್ನ ಮೀಟರಲ್ಲಿ ನಾನು ಒಂದಿನ..."

"ಹದಿನಾಲ್ಕು ಪಾಯಿಂಟ್ ಒಂದು," ಅಂದ ಅವನು. "ಗುರುವಾರ, ಆರು ಇಪ್ಪತ್ತು. ಆಮೇಲೆ ಹದಿಮೂರು ಪಾಯಿಂಟ್ ಎಂಟು."

ಹಿಲ್ಕಾ ಅವನನ್ನೇ ನೋಡಿದಳು. "ಮೂರು ವಾರದಿಂದ ಗೊತ್ತಾ ನಿನಗೆ?"

"ಆ ಹೊತ್ತಲ್ಲಿ ನಾನು ಇಲ್ಲೇ ನಿಂತಿದ್ದೆ. ಬೆರಳನ್ನೇನು ಮನೇಲಿ ಬಿಟ್ಟು ಬಂದಿರ್ಲಿಲ್ಲ."

"ಮತ್ತೆ ಕೇಳ್ಬಾರ್ದಾ, ಮುದುಕಾ?"

"ಮುಂದಿನ ಗಾಡಿಯವರು ಇಂಡಿಕೇಟರ್ ಹಾಕೋ ತನಕ ಕಾಯ್ಬೇಕು ಕಣೇ. ಮೂವತ್ತೆಂಟು ವರ್ಷ ಹಂಗೇ ಓಡಿಸಿದೀನಿ. ಒಂದು ಗೀರೂ ಆಗಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡು ಅಮ್ಮನ ಕಥೆ ಹೇಳಿದಳು. ಕಾಲು ಹೋದದ್ದು ಔಲಿಸ್‌ಗೆ ಗೊತ್ತಿತ್ತು. ಸ್ಟೂಲು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನು ಕೋಲಿನ ತುದಿಯಿಂದ ಹೆಪ್ಪುಗಟ್ಟಿದ ಮಣ್ಣನ್ನು ಕೆದಕುತ್ತ ನಿಂತ.

"ಅವತ್ತು ನಾನಂದೆನಲ್ಲ, ಯಾರು ತಿನ್ನಿಸಿದ್ದು ಅಂತ..."

"ನಿಜಾನೇ ಅಂದೆ."

"ಸುಳ್ಳು. ನಾನು ಕೇಳಿ ಕೇಳಿ ತಿಂದೆ. ಕಪಾಟಿನ ಮೇಲಿಟ್ಟರೂ ಸ್ಟೂಲ್ ಹಾಕ್ಕೊಂಡು ತಿಂದೆ. ನೀನು ನನ್ನ ಬಾಯಿಗೇನು ತುರುಕಿಲ್ಲ. ಮತ್ತೆ ಬಂಕಿನ ಡೋನಟ್ಟು ನೀನು ಮಾಡಿದ್ದೂ ಅಲ್ಲ. ನೀನು ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟಾದರೂ ಬಂತಲ್ಲ. ಇಬ್ಬರೂ ನಿಧಾನವಾಗಿ ತಿರುಗಿ ನಡೆದರು.

ಆರೋಗ್ಯ ಕೇಂದ್ರದಲ್ಲಿ ಮಾಡಿಸಿದ ಹಿಲ್ಕಾಳ ರಕ್ತ ಪರೀಕ್ಷೆಯಲ್ಲೂ ಅದೇ ಬಂತು: ಸಕ್ಕರೆ ಕಾಯಿಲೆ. ತೆಳ್ಳಗಿದ್ದವರಿಗೂ ಬರುತ್ತದೆ, ತಾಯಿಯಿಂದ ಬಂದ ಪಾಲೂ ಇರುತ್ತದೆ ಎಂದು ಸತು ಹೇಳಿದಳು. ಈ ಸಲ ಹಿಲ್ಕಾ ಅವಳ ಕಣ್ಣನ್ನು ನೇರವಾಗಿ ನೋಡಿದಳು. ಅಲ್ಲಿ ತನ್ನನ್ನು ದೂರುವಂಥದ್ದು ಏನೂ ಕಾಣಲಿಲ್ಲ.

ಆ ಚಳಿಗಾಲದಲ್ಲಿ ಅಡುಗೆಮನೆ ಮತ್ತೆ ಅವಳದಾಯಿತು. ಇನ್ನೂರು ಮಕ್ಕಳಿಗೆ ಏನು ಹಾಕಿದರೆ ತಿನ್ನುತ್ತಾರೆ ಎಂದು ಕಂಡುಕೊಂಡವಳಿಗೆ ಇಬ್ಬರ ಅಡುಗೆ ಯಾವ ಮಹಾ ಎಂದು ಹೊರಟಳು. ಬಾರ್ಲಿ ಗಂಜಿಗೆ ಸಕ್ಕರೆಯ ಬದಲು ಹುಳಿ ಕಾಡುಹಣ್ಣು. ಕೋಸನ್ನು ಹಸಿಯಾಗಿ ಕೊಡದೆ ಈರುಳ್ಳಿಯ ಜೊತೆ ಓವನ್ನಿನಲ್ಲಿ ಕಂದು ಬಣ್ಣ ಬರುವ ತನಕ ಬಿಟ್ಟಳು; ಔಲಿಸ್ ಎರಡನೆಯ ಸಲ ಹಾಕಿಸಿಕೊಂಡ. ಡಬ್ಬಿಯಲ್ಲಿ ರೈ ಬ್ರೆಡ್ಡಿನ ಎರಡು ತುಂಡು, ನಡುವೆ ಹೊಗೆಯಾಡಿಸಿದ ಮೀನು. ತಿಂಗಳಿಗೊಂದು ಶನಿವಾರ ಬನ್ನೂ ಆಯಿತು, ಮೊದಲಿನ ಅರ್ಧ ಗಾತ್ರದ್ದು. ತೆರ್ತುವನ್ನೂ ಕರೆದು ಒಂದೊಂದು ತಿಂದು, ಮೂವರೂ ಹೆಪ್ಪುಗಟ್ಟಿದ ಸರೋವರದ ಮೇಲೆ ಹಿಮ ಸರಿಸಿ ಮಾಡಿದ ದಾರಿಯಲ್ಲಿ ನಡೆದು ಬರುತ್ತಿದ್ದರು. ತೆರ್ತುವಿಗೆ ಕಾಯಿಲೆ ಇರಲಿಲ್ಲ. "ಸುದ್ದಿ ತಪ್ಪಿ ಹೋಗ್ಬಾರ್ದಲ್ಲ, ಅದಕ್ಕೆ ಬರ್ತೀನಿ," ಅನ್ನುತ್ತಿದ್ದಳು.

ಎಲ್ಲವೂ ನೇರವಾಗಲಿಲ್ಲ. ಔಲಿಸ್‌ನ ಸಂಖ್ಯೆ ಬೇಗ ಇಳಿದು ವೈದ್ಯರು ಲೈಸೆನ್ಸಿಗೆ ಸಹಿ ಹಾಕಿದರು. ಹಿಲ್ಕಾಳದು ಹಟ ಹಿಡಿಯಿತು. ಅವನಷ್ಟೇ ಉಂಡು ಅವನಷ್ಟೇ ನಡೆದರೂ ಹತ್ತು, ಹನ್ನೊಂದು. ಮಾತ್ರೆ ಹೆಚ್ಚಿಸಬೇಕಾಯಿತು. ಜನವರಿಯಲ್ಲಿ ಒಂದು ದಿನ ಸಿಟ್ಟಿನಿಂದ ಅಂಗಡಿಯ ಕೇಕನ್ನು ಪೂರ್ತಿ ತಿಂದು, ಸಂಜೆ ಔಲಿಸ್‌ಗೆ ತಾನೇ ಹೇಳಿದಳು. "ಚೆನ್ನಾಗಿತ್ತಾ?" ಎಂದ. "ಒಣಗಿತ್ತು," ಎಂದಳು. ಮರುದಿನ ಮತ್ತೆ ಬಾರ್ಲಿ ಗಂಜಿ. ಮಾರ್ಚಿನ ಪರೀಕ್ಷೆಯಲ್ಲಿ ಸ್ವಲ್ಪ ಇಳಿದಿತ್ತು. ದೊಡ್ಡ ಇಳಿತವಲ್ಲ. ಸತು ಅದು ಸಾಕು ಎಂದಳು.

ಸತುವಿಗೆ ಇನ್ನೊಂದು ಕೆಲಸ ಆಗಬೇಕಿತ್ತು. ಊರಿನಲ್ಲಿ ಹೊಸದಾಗಿ ಕಾಯಿಲೆ ಗೊತ್ತಾದವರಿಗೆ ಶಾಲೆಯ ಅಡುಗೆಮನೆಯಲ್ಲಿ ತಿಂಗಳಿಗೊಂದು ಸಂಜೆ ಅಡುಗೆ ತೋರಿಸಬೇಕೆಂದು ಕೇಳಿದಳು. ಹಿಲ್ಕಾ ಮೊದಲೆರಡು ಸಲ ಆಗಲ್ಲ ಅಂದಳು. ತನ್ನದೇ ಸರಿ ಹೋಗಿಲ್ಲ, ಊರಿಗೇನು ಹೇಳಲಿ? "ಅದಕ್ಕೇ ನೀವು ಬೇಕು," ಅಂದಳು ಸತು. "ಎಲ್ಲ ಸರಿ ಹೋದವರು ಹೇಳಿದ್ರೆ ಯಾರೂ ಕೇಳಲ್ಲ."

ಏಪ್ರಿಲಿನ ಒಂದು ಮಂಗಳವಾರ ಏಳು ಜನ ಬಂದರು. ಐವರು ಗಂಡಸರು, ಕಿಸೆಯಲ್ಲಿ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಔಲಿಸ್ ಮೂಲೆಯಲ್ಲಿ ಏಪ್ರನ್ ಕಟ್ಟಿಕೊಂಡು ತಾನೇ ಮುಖ್ಯ ಬಾಣಸಿಗ ಎಂಬಂತೆ ನಿಂತಿದ್ದ.

"ಮೊದ್ಲೇ ಒಂದು ಕೇಳ್ಬಿಡ್ತೀನಿ," ಅಂದ ಗೋಡೆಯ ಕಡೆಯವನೊಬ್ಬ. "ಬಿಯರು ಧಾನ್ಯದ ಲೆಕ್ಕಕ್ಕೆ ಬರತ್ತಾ, ತರಕಾರಿ ಲೆಕ್ಕಕ್ಕಾ?"

ಎಲ್ಲರೂ ನಕ್ಕರು. "ಕುಡಿಯೋ ಮುಂಚೆ ಮೀನು ಹಿಡಿಯೋಕೆ ಸರೋವರದ ತನಕ ನಡ್ಕೊಂಡು ಹೋದ್ರೆ ವ್ಯಾಯಾಮದ ಲೆಕ್ಕಕ್ಕೆ," ಅಂದಳು ಹಿಲ್ಕಾ. "ಈಗ ಕೈ ತೊಳ್ಕೊಳಿ. ಕ್ಯಾರೆಟ್ಟು ಅಲ್ಲಿದೆ, ಚಾಕು ಇಲ್ಲಿದೆ."

ಅವರಲ್ಲಿ ಎಪ್ಪತ್ತರ ಒಬ್ಬ ಎಲ್ಲರಿಗಿಂತ ಹಿಂದೆ ಉಳಿದ. ಹೆಂಡತಿ ತೀರಿಹೋದ ಮೇಲೆ ಅಂಗಡಿಯ ಡಬ್ಬಿ ಊಟದಲ್ಲೇ ಒಂದು ವರ್ಷ ಕಳೆದವನು. ಚಾಕುವನ್ನು ಸುತ್ತಿಗೆಯಂತೆ ಹಿಡಿದು ಕ್ಯಾರೆಟ್ಟನ್ನೇ ನೋಡುತ್ತ ನಿಂತಿದ್ದ. ಹಿಲ್ಕಾ ಅವನ ಪಕ್ಕ ಹೋಗಿ ನಿಂತಳು. ತಾನೂ ಒಂದು ಕ್ಯಾರೆಟ್ ತೆಗೆದುಕೊಂಡಳು. "ನಿಧಾನಕ್ಕೆ," ಅಂದಳು. "ಬೆರಳು ಒಳಕ್ಕೆ ಮಡಚಿ. ಹಾಂ, ಹಂಗೆ."